ನಗು ಬಚ್ಚಿಟ್ಟ ನೇಕಾರ

"ಗುರುಗಳೇ, ಕಾಯಿಲೆ ಬಿದ್ದು ಕೋಣೆ ಸೇರಿದವನು ಮನಸ್ಸನ್ನು ಗೆಲುವಾಗಿ ಇಟ್ಟುಕೊಳ್ಳುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಮಡಿವಾಳಯ್ಯ. ಅವನಿಗೆ ಕಾಮಾಲೆಯಾಗಿ ಹದಿನೆಂಟು ದಿನವಾಗಿತ್ತು. ಉಪ್ಪಿಲ್ಲದ ಗಂಜಿ, ಮೂಲೆಯ ಕೋಣೆ, ಒಂದು ಚಾಪೆ. ಮಠದಲ್ಲಿ ಅವನ ಜೊತೆಯವರು ಬೆಳಿಗ್ಗೆ ಪಾಠಕ್ಕೆ ಹೋದರೆ ಮಧ್ಯಾಹ್ನ ಬರುತ್ತಿದ್ದರು. ಬಂದವರು ಬಾಗಿಲಲ್ಲೇ ನಿಂತು, ಹೇಗಿದ್ದೀಯಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಊಟಕ್ಕೆ ಹೋಗುತ್ತಿದ್ದರು. ಗುರುಗಳು ಮಾತ್ರ ಅಂದು ಒಳಗೆ ಬಂದು ಚಾಪೆಯ ಪಕ್ಕದಲ್ಲಿ ಕುಳಿತಿದ್ದರು.

"ಯಾಕಪ್ಪಾ, ಗೆಲುವಿಲ್ಲವೇ?" ಎಂದರು ಗುರುಗಳು.

"ಎಲ್ಲಿಯ ಗೆಲುವು ಗುರುಗಳೇ. ಬೆಳಗಾದರೆ ಇದೇ ಗೋಡೆ, ಸಂಜೆಯಾದರೆ ಇದೇ ಗೋಡೆ. ಏನಾದರೂ ಉಪಾಯ ಹೇಳಿಕೊಡಿ."

"ಉಪಾಯ ನನಗೆ ಗೊತ್ತಿಲ್ಲ. ಒಬ್ಬ ನೇಕಾರನಿಗೆ ಗೊತ್ತಿತ್ತು. ಅವನ ಕತೆ ಹೇಳುತ್ತೇನೆ, ಬೇಕಾದ್ದು ನೀನೇ ಆರಿಸಿಕೋ" ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಮನೆಯಲ್ಲಿ ಅವನು, ಅವನ ಹೆಂಡತಿ, ಒಂದು ಕುಣಿ ಮಗ್ಗ. ಕುಣಿ ಮಗ್ಗ ಎಂದರೆ ಗೊತ್ತಲ್ಲ, ನೆಲದಲ್ಲಿ ಕುಣಿ ತೋಡಿ, ಕಾಲು ಅದರೊಳಗೆ ಇಳಿಬಿಟ್ಟು ಕುಳಿತು ನೇಯುವುದು. ಬೆಳಿಗ್ಗೆ ಕುಳಿತರೆ ಊಟದ ಹೊತ್ತಿಗೇ ಏಳುವುದು. ಒಂದು ದಿನ ಏಳುವಾಗ ಅವನ ಕಾಲು ಜೋಮು ಹಿಡಿದಿತ್ತು. ಜೋಮು ಬಿಡಲಿ ಎಂದು ಕಾಯುವವರು ಬುದ್ಧಿವಂತರು. ಇವನಿಗೆ ಹೊಟ್ಟೆ ಹಸಿದಿತ್ತು. ಅವಸರದಲ್ಲಿ ಎದ್ದ, ಕುಣಿಯ ಅಂಚಿಗೆ ಕಾಲು ಸಿಕ್ಕಿಸಿಕೊಂಡು ಬಿದ್ದ. ಮೊಣಕಾಲ ಕೆಳಗಿನ ಎಲುಬು ಮುರಿಯಿತು.

ಎಲುಬು ಕೂಡಿಸುವವನು ಬಂದು ಕಾಲಿಗೆ ಬಿದಿರಿನ ದಬ್ಬೆ ಕಟ್ಟಿದ. "ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಹಾಸಿಗೆ ಬಿಟ್ಟು ಇಳಿಯಬೇಡ. ಮಂಡಲ ತುಂಬಿದ ದಿನ ನಾನೇ ಬಂದು ಕಟ್ಟು ಬಿಚ್ಚುತ್ತೇನೆ" ಎಂದು ಹೇಳಿ ಹೋದ.

ಮೊದಲ ಹತ್ತು ದಿನ ನೇಕಾರ ನಿಜವಾಗಿಯೂ ನರಳಿದ. ಅದರಲ್ಲಿ ಸುಳ್ಳಿಲ್ಲ. ಅವನು ನರಳಿದಷ್ಟೂ ಓಣಿಯ ಜನ ಬಂದರು. ಒಬ್ಬರು ಶೇಂಗಾ ಉಂಡೆ ತಂದರು, ಇನ್ನೊಬ್ಬರು ಬಾಳೆಹಣ್ಣು ತಂದರು. ಹೆಂಡತಿ ನೂಲು ಸುತ್ತುವ ರಾಟೆ ಬಿಟ್ಟು ಬಂದು ಒಳ್ಳೆಯ ಕಾಲಿನ ಅಂಗಾಲು ತಿಕ್ಕುತ್ತಿದ್ದಳು. ಹುಟ್ಟಿದಾಗಿನಿಂದ ಅವನಿಗೆ ಅಷ್ಟು ಉಪಚಾರ ನಡೆದಿರಲಿಲ್ಲ.

ಹನ್ನೊಂದನೆಯ ದಿನ ಎಚ್ಚರವಾಗಿ ನೋಡುತ್ತಾನೆ, ನೋವಿಲ್ಲ. ಕಾಲು ಭಾರವಾಗಿದೆ, ಅಷ್ಟೇ. ಅಂದು ಹೆಂಡತಿ ನೀರಿಗೆ ಹೋಗಿದ್ದಾಗ ಪಕ್ಕದ ಓಣಿಯ ಬಣ್ಣಗಾರ ಮಾತಾಡಿಸಿಕೊಂಡು ಹೋಗಲು ಬಂದ. ಏನೋ ತಮಾಷೆ ಹೇಳಿದ. ನೇಕಾರ ಹೊಟ್ಟೆ ಹಿಡಿದುಕೊಂಡು ನಕ್ಕ. ಬಣ್ಣಗಾರ ತಟ್ಟನೆ ಎದ್ದು ನಿಂತ. ನಗುತ್ತಿದ್ದಾನೆ ಎಂದರೆ ಇನ್ನು ಚಿಂತೆಯಿಲ್ಲ ಬಿಡಿ ಎಂದು ಓಣಿಯಲ್ಲಿ ನಾಲ್ಕು ಜನಕ್ಕೆ ಹೇಳಿದ. ಮರುದಿನ ಒಬ್ಬರೂ ಬರಲಿಲ್ಲ. ಉಂಡೆಯೂ ಬರಲಿಲ್ಲ.

ಅಂದು ಸಂಜೆ ಹೆಂಡತಿ ಅಂಗಾಲು ತಿಕ್ಕುತ್ತ ಕೇಳಿದಳು. "ನೀವು ನಕ್ಕಿರಿ ಎಂದು ಬಣ್ಣಗಾರರು ಹೇಳುತ್ತಿದ್ದರು. ನೋವು ಹೋಯಿತೇ?"

ಅವಳ ದನಿಯಲ್ಲಿ ಆಸೆ ಇತ್ತು. ನೇಕಾರ ಅದನ್ನು ಬೇರೆಯಾಗಿ ತಿಳಿದುಕೊಂಡ. ಹೋಯಿತು ಎಂದರೆ ಇವಳೂ ರಾಟೆಗೆ ಎದ್ದು ಹೋಗುತ್ತಾಳೆ ಎಂದುಕೊಂಡ. "ಅವನಿಗೇನು ಗೊತ್ತು. ನೋವು ಹಾಗೇ ಇದೆ" ಎಂದ. ಹೆಂಡತಿಯ ಕೈ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ತಿಕ್ಕತೊಡಗಿತು.

ಅಂದಿನಿಂದ ಅವನಿಗೆ ಎರಡು ಮುಖ. ಮಡಿವಾಳಯ್ಯ, ಇಲ್ಲಿ ಸ್ವಲ್ಪ ಗಮನ ಕೊಡು. ಒಬ್ಬನೇ ಇದ್ದಾಗ ಅವನಿಗೆ ಬೇಸರವಿರಲಿಲ್ಲ. ಹಾಸಿಗೆ ಬಿಟ್ಟು ಏಳದೆ ಸಿಗುವ ಸುಖಗಳನ್ನು ಅವನು ಒಂದೊಂದಾಗಿ ಕಂಡುಕೊಂಡಿದ್ದ. ಹೆಂಡತಿ ನೀರಿಗೆ ಹೋದರೆ ಹಾಡು ಗುನುಗುತ್ತಿದ್ದ. ಕೊಡ ಹೊಸ್ತಿಲಿಗೆ ತಾಗಿದ ಸದ್ದಾದರೆ ಗುನುಗುವುದು ನರಳುವುದಾಗುತ್ತಿತ್ತು. ರಾಗ ಬದಲಾಯಿಸುವ ತೊಂದರೆಯೂ ಇರಲಿಲ್ಲ. ಓಣಿಯ ಜನ ಮತ್ತೆ ಬರತೊಡಗಿದರು. ಬಂದವರು ಕೊಟ್ಟದ್ದನ್ನು, ಬಾಯಿಗೆ ರುಚಿಯಿಲ್ಲ ಎಂದು ದಿಂಬಿನ ಕೆಳಗೆ ಇಟ್ಟು, ಅವರು ಹೋದ ಮೇಲೆ ತಿನ್ನುತ್ತಿದ್ದ.

ಆ ನೇಕಾರರ ಓಣಿಯಲ್ಲಿ ಒಂದು ಪದ್ಧತಿ ಇತ್ತು. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಆ ಮನೆಯ ಹೆಂಗಸು ಬನಶಂಕರಿಗೆ ಹರಕೆ ಹೊರುತ್ತಿದ್ದಳು. ಕಾಯಿಲೆ ಬಿದ್ದವರು ತಮ್ಮ ಬಾಯಿಂದಲೇ ನೋವಿಲ್ಲ ಎನ್ನುವವರೆಗೆ ಅವಳಿಗೆ ಒಪ್ಪತ್ತು, ದಿನಕ್ಕೆ ಒಂದೇ ಊಟ. ಯಾರಿಗಾಗಿ ಹೊತ್ತಿದ್ದಾಳೋ ಅವರಿಗೆ ಅದನ್ನು ಹೇಳುವಂತಿಲ್ಲ, ಹೇಳಿದರೆ ಹರಕೆ ಕೆಟ್ಟಂತೆ. ನೇಕಾರನಿಗೂ ಈ ಪದ್ಧತಿ ಗೊತ್ತಿತ್ತು. ಅವನ ತಾಯಿಯೂ ಹೊತ್ತವಳೇ. ಆದರೆ ತನಗಾಗಿ ಒಬ್ಬಳು ಹೊತ್ತಿರಬಹುದು ಎಂದು ಅವನಿಗೆ ಹೊಳೆಯಲಿಲ್ಲ. ಗಂಡ ಉಂಡ ಮೇಲೆ ಒಳಗೆ ಕುಳಿತು ಉಣ್ಣುವ ಹೆಂಗಸು ಉಂಡಳೋ ಬಿಟ್ಟಳೋ, ಯಾವ ಗಂಡಸು ಎದ್ದು ಹೋಗಿ ನೋಡಿದ್ದಾನೆ.

ಹೀಗೆ ದಿನ ಕಳೆದವು. ಮನೆಯ ಮಗ್ಗ ನಿಂತಿದ್ದರಿಂದ ಹೆಂಡತಿ ಬೇರೆ ಮನೆಗಳ ನೂಲು ತಂದು ಬೆಳಗಿನಿಂದ ದೀಪ ಹಚ್ಚುವವರೆಗೆ ಕಂಡಿಕೆ ಸುತ್ತುತ್ತಿದ್ದಳು. ಕಂಡಿಕೆ ಎಂದರೆ ಮಗ್ಗದ ಲಾಳಿಯೊಳಗೆ ಇಡುವ ನೂಲಿನ ಸುರುಳಿ. ಮೂವತ್ತೆಂಟನೆಯ ದಿನ ನೇಕಾರ ಮಲಗಿದ್ದಲ್ಲಿಂದಲೇ ರಾಟೆಯ ಸದ್ದು ಕೇಳುತ್ತಿದ್ದ. ರಾಟೆ ತಿರುಗುತ್ತದೆ, ನಿಲ್ಲುತ್ತದೆ. ಮತ್ತೆ ತಿರುಗುತ್ತದೆ, ನಿಲ್ಲುತ್ತದೆ. ಅವನಿಗೆ ಸಿಟ್ಟು ಬಂತು.

"ಏನೇ ಅದು, ಗಳಿಗೆಗೊಮ್ಮೆ ನೂಲು ಕಡಿಯುತ್ತಿದೆ. ಕೈಯಲ್ಲಿ ಕಸುವಿಲ್ಲವೇ?"

"ನೂಲು ಸರಿಯಿಲ್ಲ" ಎಂದಳು ಹೆಂಡತಿ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಮುದುಕಿ ಸಂಕವ್ವ ಅವನ ಹೆಂಡತಿಯನ್ನು ತೋಳು ಹಿಡಿದು ನಡೆಸಿಕೊಂಡು ಬಂದಳು. ಕಂಬಕ್ಕೆ ಒರಗಿಸಿ ಕೂರಿಸಿದಳು. ಆಮೇಲೆ ನೇಕಾರನ ಕಡೆ ತಿರುಗಿದಳು.

"ಬಾವಿಕಟ್ಟೆಯ ಮೇಲೆ ಕಣ್ಣು ಕತ್ತಲೆ ಬಂದು ಬಿದ್ದಳು ನಿನ್ನ ಹೆಂಡತಿ. ನಾನು ಸೆರಗು ಹಿಡಿಯದಿದ್ದರೆ ಬಾವಿಯೊಳಗೇ ಇರುತ್ತಿದ್ದಳು. ಇವತ್ತಿಗೆ ಮೂವತ್ತೊಂಬತ್ತು ದಿನದ ಒಪ್ಪತ್ತು. ನಿನಗೆ ಹೇಳಬಾರದು ಎಂದು ಅವಳಿಗೆ ಕಟ್ಟಳೆ ಇದೆ. ಹರಕೆ ಹೊತ್ತವಳು ಅವಳು, ನಾನಲ್ಲ. ನನ್ನ ಬಾಯಿಗೆ ಯಾವ ಕಟ್ಟಳೆಯೂ ಇಲ್ಲ" ಎಂದು ಹೇಳಿ ಹೊರಟುಹೋದಳು.

ನೇಕಾರನ ಬಾಯಲ್ಲಿ ಆಗ ಶೇಂಗಾ ಉಂಡೆ ಇತ್ತು. ಅದನ್ನು ಅಂಗೈಗೆ ಉಗುಳಿದ. ಅವನಿಗೆ ಮೊದಲು ನಾಚಿಕೆಯಾಯಿತು, ಹಿಂದೆಯೇ ಹೆದರಿಕೆಯಾಯಿತು. ಹೆಂಡತಿಯ ಮುಖ ನೋಡಿದ. ಕೆನ್ನೆಯ ಎಲುಬು ಎದ್ದು ಕಾಣುತ್ತಿತ್ತು. ಅದು ಇವತ್ತು ಎದ್ದದ್ದಲ್ಲ, ಇವನು ನೋಡಿದ್ದು ಇವತ್ತು.

"ನನಗೆ ನೋವಿಲ್ಲ. ಏಳು, ಉಣ್ಣು" ಎಂದ.

ಹೆಂಡತಿ ತಲೆ ಅಲ್ಲಾಡಿಸಿದಳು. "ಸಂಕವ್ವ ಹೇಳಿಬಿಟ್ಟ ಮೇಲೆ ನೀವು ಇನ್ನೇನು ಹೇಳುತ್ತೀರಿ. ನನ್ನ ಮೇಲಿನ ಕನಿಕರಕ್ಕೆ ಆಡಿದ ಮಾತು ದೇವಿಗೆ ಸಲ್ಲುವುದಿಲ್ಲ."

"ನಿಜವಾಗಿಯೂ ನೋವಿಲ್ಲ ಕಣೇ."

"ನಿನ್ನೆಯವರೆಗೆ ಇದ್ದ ನೋವು ಇವತ್ತು ಎಲ್ಲಿ ಹೋಯಿತು?"

ನೇಕಾರ ನಕ್ಕು ತೋರಿಸಿದ. ಬೇಕೆಂದು ನಕ್ಕ ನಗು ಹೇಗಿರುತ್ತದೆ, ನಿನಗೆ ಗೊತ್ತಲ್ಲ. ಹೆಂಡತಿ ಅದನ್ನು ನಂಬಲಿಲ್ಲ. ಪಾಪ, ನೋವು ನುಂಗಿಕೊಂಡು ನಗುತ್ತಿದ್ದೀರಿ ಎಂದು ತೆವಳಿಕೊಂಡು ಬಂದು ಅವನ ಅಂಗಾಲು ತಿಕ್ಕಲು ಕುಳಿತಳು. ಅವಳ ಬೆರಳಿನಲ್ಲಿ ಒತ್ತುವ ಶಕ್ತಿ ಇರಲಿಲ್ಲ.

ನೇಕಾರ ಕಾಲು ಎಳೆದುಕೊಂಡ. ಇಪ್ಪತ್ತೆಂಟು ದಿನ ಸುಳ್ಳು ನರಳಿದಾಗ ಎಲ್ಲರೂ ನಂಬಿದ್ದರು. ಈಗ ನಿಜ ಹೇಳಿದರೆ ನಂಬುವವರಿಲ್ಲ. ಇವಳು ನಂಬದೆ ಉಣ್ಣುವುದಿಲ್ಲ, ಉಣ್ಣದೆ ಉಳಿಯುವುದಿಲ್ಲ. ಎಲ್ಲವನ್ನೂ ಒಪ್ಪಿಕೊಳ್ಳುವುದು ಬಿಟ್ಟು ಅವನಿಗೆ ಬೇರೆ ದಾರಿ ಇರಲಿಲ್ಲ.

"ನೋವಿಲ್ಲದಿದ್ದರೆ ದಿನವೆಲ್ಲ ಏನು ಮಾಡುತ್ತಿದ್ದಿರಿ?" ಎಂದು ಹೆಂಡತಿಯೇ ಕೇಳಿದಳು.

"ಬಿಸಿಲಿಗೆ ಕಾಯುತ್ತಿದ್ದೆ" ಎಂದ ನೇಕಾರ. "ಆ ಬೆಳಕಿಂಡಿಯಿಂದ ಬೀಳುತ್ತದಲ್ಲ, ಆ ಬಿಸಿಲು. ನೀನು ನೀರಿಗೆ ಹೋದ ಮೇಲೆ ಗೋಡೆ ಇಳಿದು ಹಾಸಿಗೆಗೆ ಬರುತ್ತದೆ. ಈ ಕಾಲಿನ ಹೆಬ್ಬೆರಳನ್ನು ಅದಕ್ಕೆ ಒಡ್ಡಿಕೊಂಡು ಮಲಗುತ್ತೇನೆ. ಬೆರಳು ಬೆಚ್ಚಗಾದರೆ ಮೈಯೆಲ್ಲ ಬೆಚ್ಚಗಾದ ಹಾಗಾಗುತ್ತದೆ. ಬಿಸಿಲು ಬೆರಳು ದಾಟಿ ಹೋಗುವವರೆಗೆ ಅಲ್ಲಾಡುವುದಿಲ್ಲ."

ಹೆಂಡತಿ ಬೆಳಕಿಂಡಿಯ ಕಡೆ ತಿರುಗಿ ನೋಡಿದಳು. ಅವನೇ ಮುಂದುವರಿಸಿದ.

"ಆಮೇಲೆ ತಂಬಿಗೆಯ ನೀರಿನಲ್ಲಿ ಮುಖ ತೊಳೆದು ತಲೆ ಬಾಚಿಕೊಳ್ಳುತ್ತಿದ್ದೆ. ಮುಖ ತೊಳೆದರೆ ಅರ್ಧ ಕಾಯಿಲೆ ಹೋದ ಹಾಗೆ ಅನ್ನಿಸುತ್ತದೆ. ನೀನು ಬರುವ ಹೊತ್ತಿಗೆ ಕೂದಲು ಮತ್ತೆ ಕೆದರಿಕೊಳ್ಳುತ್ತಿದ್ದೆ."

"ತಂಬಿಗೆ ಬರಿದಾಗಿದ್ದು ನೋಡಿ, ನೋವಿಗೆ ಗಂಟಲು ಆರುತ್ತಿರಬೇಕು ಎಂದುಕೊಂಡು ನಾನು ಇನ್ನೊಂದು ಕೊಡ ತರಲು ಹೋಗುತ್ತಿದ್ದೆ" ಎಂದಳು ಹೆಂಡತಿ.

ನೇಕಾರ ಕಣ್ಣು ತಗ್ಗಿಸಿದ. ಆದರೂ ನಿಲ್ಲಿಸುವಂತಿರಲಿಲ್ಲ.

"ಮಧ್ಯಾಹ್ನ ಓಣಿಯ ಮಗ್ಗಗಳ ಸದ್ದು ಕೇಳುತ್ತ ಮಲಗುತ್ತಿದ್ದೆ. ಯಾರ ಮನೆಯಲ್ಲಿ ಏನು ನಡೆದಿದೆ ಎಂದು ಅದರಿಂದಲೇ ತಿಳಿಯುತ್ತದೆ. ಮೂಲೆಮನೆಯವನು ಹೆಂಡತಿಯ ಜೊತೆ ಜಗಳವಾಡಿದ ದಿನ ಮಗ್ಗ ಬಡಿಯುವ ರೀತಿಯೇ ಬೇರೆ. ಅವನ ಮನೆಗೆ ಅತ್ತೆ ಬಂದರೆ ಊಟದ ಹೊತ್ತು ಮೀರಿದರೂ ಅವನು ಕುಣಿಯಿಂದ ಮೇಲೆ ಏಳುವುದಿಲ್ಲ. ನಾನೊಬ್ಬನೇ ಅದಕ್ಕೆ ನಗುತ್ತಿದ್ದೆ."

"ಇಡೀ ಓಣಿಯ ಮಗ್ಗ ಕೇಳಿದ ಕಿವಿಗೆ ನನ್ನ ರಾಟೆ ಕೇಳಲಿಲ್ಲವೇ?"

ನೇಕಾರನಿಗೆ ಕೇಳಿಸಿತ್ತು. ಕೇಳಿಸಿದ್ದಕ್ಕೆ ಅವನು ಬೈದಿದ್ದ. ಅವನು ಹೊದಿಕೆ ತೆಗೆದ. ಮುರಿದ ಕಾಲನ್ನು ಅವಳ ಮುಂದೆ ಚಾಚಿದ.

ಕಾಲಿಗೆ ಕಟ್ಟಿದ ಬಿದಿರು ದಬ್ಬೆಗಳ ಮೇಲೆ ಅವನು ನೇಯ್ದಿದ್ದ. ಹಾಸಿಗೆಯಿಂದ ಕೈಗೆಟುಕುವ ಮಗ್ಗದ ಬಳಿ ಉಳಿದ ತುಂಡು ನೂಲುಗಳನ್ನು ಒಂದಕ್ಕೊಂದು ಹೊಸೆದು, ದಬ್ಬೆಗಳ ನಡುವೆ ಮೇಲೆ ಕೆಳಗೆ ಹಾಯಿಸಿ, ಕೆಂಪು, ಹಳದಿ, ಮತ್ತೆ ಕೆಂಪು ಎಂದು ಸೀರೆಯ ದಡಿಯ ಹಾಗೆ ತುಂಬಿದ್ದ. ಲಾಳಿಯಿಲ್ಲ, ಎಳೆ ಒತ್ತುವ ಹಣಿಗೆಯಿಲ್ಲ, ಬರೀ ಬೆರಳಿನ ಕೆಲಸ. ಮೊಣಕಾಲಿನಿಂದ ಪಾದದವರೆಗೆ ಮುಗಿಯುತ್ತ ಬಂದಿತ್ತು.

ಹೆಂಡತಿ ಅದರ ಮೇಲೆ ಕೈಯಾಡಿಸಿದಳು. ಅವಳೂ ನೇಕಾರರ ಮನೆಯ ಮಗಳು. ಎಲ್ಲಿಯೂ ಎಳೆ ಬಿಗಿಯಾಗಿಲ್ಲ, ಎಲ್ಲಿಯೂ ಸಡಿಲವಾಗಿಲ್ಲ. ನೋವು ತಿನ್ನುವವನ ಕೈಯಿಂದ ಇಷ್ಟು ಸಮನಾದ ದಡಿ ಬರುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಗ ಅವಳು ನಂಬಿದಳು.

"ಯಾವತ್ತಿನಿಂದ ನೋವಿಲ್ಲ?"

"ಹನ್ನೊಂದನೆಯ ದಿನದಿಂದ."

ಅವಳು ಬೆರಳಿನಲ್ಲಿ ದಿನ ಎಣಿಸಿದಳು. ಬೈಯಲಿ ಎಂದು ನೇಕಾರ ಕಾದ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ.

"ಹಸಿವಿನ ಮಾತು ಹಾಗಿರಲಿ" ಎಂದಳು. "ಆ ಬಿಸಿಲಿಗೆ ಒಂದು ದಿನವಾದರೂ ನನ್ನನ್ನು ಕರೆಯಬಹುದಿತ್ತು."

ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದಳು. ರೊಟ್ಟಿ ತಂದಳು. ಒಳಗೆ ಕೂರದೆ ಅವನ ಎದುರಿಗೇ ಕುಳಿತು ತಿಂದಳು. ನೇಕಾರ ಅತ್ತ. ಅಷ್ಟು ದಿನ ಓಣಿಗೆ ಕೇಳುವಂತೆ ನರಳಿದವನಿಗೆ ಆಗ ದನಿಯೇ ಹೊರಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯ ದನಿ ಇಳಿಸಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹೇಳಿದ. "ಆ ನೇಕಾರನಿಗೆ ಬಿಸಿಲಾದರೂ ಇತ್ತು ಗುರುಗಳೇ, ಓಣಿಯ ಸದ್ದಾದರೂ ಇತ್ತು. ಈ ಕೋಣೆಯಲ್ಲಿ ನನ್ನನ್ನು ನಗಿಸುವಂಥದ್ದು ಏನೂ ಇಲ್ಲ."

ಗುರುಗಳು ಎದ್ದು ಬಾಗಿಲವರೆಗೆ ಹೋಗಿ ನಿಂತರು.

"ಹಾಗಾದರೆ, ಇವತ್ತು ನಾನು ಈ ಬಾಗಿಲು ತಳ್ಳುವ ಮೊದಲು ಒಳಗೆ ನಗುತ್ತಿದ್ದವರು ಯಾರು?"

ಮಡಿವಾಳಯ್ಯ ಹೊಟ್ಟೆಯ ಮೇಲಿಟ್ಟ ಕೈಯನ್ನು ಮೆಲ್ಲಗೆ ತೆಗೆದ.