ರಾಜನ ಕಂಕಣ ಕಟ್ಟಿಕೊಂಡ ಮೊಲ

ಹತ್ತಿರ ಬನ್ನಿ, ಒತ್ತೊತ್ತಾಗಿ ಕೂತುಕೊಳ್ಳಿ. ದೂರ ಕೂತು ಆಮೇಲೆ "ಏನಂದಿರಿ, ಏನಂದಿರಿ" ಅನ್ನಬಾರದು. ಒಂದೇ ಸಲ ಹೇಳುವವನು ನಾನು.

ತೊರೆನಾಡು ಅಂತ ಒಂದು ರಾಜ್ಯ. ಅದಕ್ಕೆ ಮಲ್ಲರಸ ಅಂತ ಒಬ್ಬ ರಾಜ. ಕೆಟ್ಟವನಲ್ಲ. ಬಲು ಒಳ್ಳೆಯವನು ಅಂತಲೂ ಹೇಳಲಾರೆ. ಕಣ್ಣೆದುರು ಕಂಡದ್ದಕ್ಕೆ ಮರುಗುತ್ತಿದ್ದ, ಕಾಣದ್ದನ್ನು ಕೇಳುವುದಕ್ಕೆ ಹೋಗುತ್ತಿರಲಿಲ್ಲ. ರಾಜರು ಸಾಮಾನ್ಯವಾಗಿ ಹೀಗೇ ಇರುತ್ತಾರೆ. ನಾವೂ ಹೀಗೇ ಅನ್ನಿ.

ಆ ರಾಜ್ಯದಲ್ಲಿ ಒಂದು ಹಳೆಯ ಪದ್ಧತಿ ಇತ್ತು. ಮಲ್ಲರಸನ ಮುತ್ತಜ್ಜನನ್ನು ಹಗೆಗಳು ವಿಷದ ಉಂಡೆ ತಿನ್ನಿಸಿ ಕೊಂದಿದ್ದರು. ಅವತ್ತಿನಿಂದ ಅರಮನೆಯಲ್ಲಿ ಒಂದು ಕಟ್ಟಳೆಯಾಯಿತು. ಇನ್ನೊಂದು ಜೀವದ ಮೇಲೆ ಪರೀಕ್ಷೆ ಆಗದೆ ಯಾವ ವಸ್ತುವೂ ರಾಜನ ಮೈ ಮುಟ್ಟಬಾರದು. ಪರೀಕ್ಷೆಗೆ ತಂದ ಪ್ರಾಣಿಯ ಕಾಲಿಗೆ ಹಳದಿ ದಾರದ ಕಂಕಣ ಕಟ್ಟುತ್ತಿದ್ದರು. "ಇವತ್ತಿಗೆ ನೀನೇ ರಾಜನ ಮೈ" ಅಂತ ಹೇಳಿ ಕೈಮುಗಿಯುತ್ತಿದ್ದರು. ಕಂಕಣ ಇರುವಷ್ಟು ಹೊತ್ತು ರಾಜನಿಗೆ ಸಲ್ಲುವ ಮರ್ಯಾದೆಯೆಲ್ಲ ಅದಕ್ಕೂ ಸಲ್ಲಬೇಕು. ಅದು ಬದುಕಿದರೆ ಕೊನೆಯವರೆಗೂ ಅರಮನೆಯ ಮೇವು. ಸತ್ತರೆ ತೋಟದಲ್ಲಿ ಹೂಳಿ ಮೇಲೊಂದು ಕಲ್ಲು ಇಡುತ್ತಿದ್ದರು. ಆ ಅಜ್ಜಂದಿರು ತಮ್ಮ ಜೀವ ಉಳಿಸಿಕೊಳ್ಳಲು ಇನ್ನೊಂದು ಜೀವವನ್ನು ಮುಂದೆ ತಳ್ಳಿದರು ನಿಜ. ಆದರೂ ಮಾಡುತ್ತಿರುವುದು ಏನು ಅನ್ನುವುದು ಅವರಿಗೆ ಗೊತ್ತಿತ್ತು.

ಮೊದಲು ಅನ್ನಕ್ಕೆ ಕೋಳಿ ಬಂತು. ಆಮೇಲೆ ಮದ್ದಿಗೆ ಆಡು ಬಂತು. ಆಮೇಲೆ ಬಣ್ಣ, ಲೇಪ, ಸುಗಂಧ ಅಂತ ಮೊಲ ಬಂತು. ಅರಮನೆಯ ಹಿತ್ತಲಲ್ಲಿ ಒಂದಿದ್ದ ಗೂಡು ಒಂದು ಓಣಿಯಷ್ಟಾಯಿತು. ಗೂಡು ಹೆಚ್ಚಿದ ಹಾಗೆ ಕಂಕಣ ಕಟ್ಟುವುದಕ್ಕೆ ಪುರುಸೊತ್ತು ಕಡಿಮೆಯಾಯಿತು. ಮೊದಲು ಕಲ್ಲು ಇಡುವುದನ್ನು ಬಿಟ್ಟರು, ಆಮೇಲೆ ಕೈಮುಗಿಯುವುದನ್ನು ಬಿಟ್ಟರು, ಕೊನೆಗೆ ದಾರವನ್ನೂ ಬಿಟ್ಟರು. ಪರೀಕ್ಷೆ ಮಾತ್ರ ಬಿಡಲಿಲ್ಲ.

ಇಲ್ಲೊಂದು ಮಾತು ಹೇಳಿಬಿಡಬೇಕು, ಸುಳ್ಳು ಹೇಳಬಾರದು. ಒಂದು ವರ್ಷ ಊರಿಗೆ ವಾಂತಿಭೇದಿ ಬಂತು. ಅರಮನೆಯ ವೈದ್ಯ ಶೇಷಪಂಡಿತ ಒಂದು ಕಷಾಯ ಕಾಯಿಸಿ ಆಡಿಗೆ ಕುಡಿಸಿದ. ಆಡು ಸತ್ತಿತು. ಪಾಕ ತಿದ್ದಿ ಇನ್ನೊಂದಕ್ಕೆ ಕುಡಿಸಿದ. ಅದು ಮಲಗಿದ್ದು ಏಳಲಿಲ್ಲ. ಮತ್ತೆ ತಿದ್ದಿ ಮೂರನೆಯದಕ್ಕೆ ಕುಡಿಸಿದ. ಅದು ಎದ್ದು ನಿಂತು ಸೊಪ್ಪು ತಿಂದಿತು. ಆ ಕಷಾಯದಿಂದ ಎಷ್ಟೋ ಮನೆಗಳ ಮಕ್ಕಳು ಬದುಕಿದರು. ಮಕ್ಕಳು ಬದುಕಿದ್ದೂ ನಿಜ, ಸಾಯುತ್ತೀಯಾ ಅಂತ ಆಡನ್ನು ಯಾರೂ ಕೇಳಲಿಲ್ಲ ಅನ್ನುವುದೂ ನಿಜ. ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದು ಕೇಳಿ.

ಕಷಾಯ ಫಲಿಸಿದ ಮೇಲೆ ಶೇಷಪಂಡಿತನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪರವೂರಿನ ಅತಿಥಿಗಳು ಬಂದರೆ ಅವರೆದುರು ಒಂದು ಆಡು ತರಿಸಿ, ಕೆಟ್ಟ ಪಾಕವನ್ನೇ ಕುಡಿಸಿ, "ನೋಡಿ, ಹೀಗೆ ಬೀಳುತ್ತದೆ" ಅಂತ ತೋರಿಸುತ್ತಿದ್ದ. ಗೊತ್ತಿದ್ದುದನ್ನೇ ಇನ್ನೊಂದು ಸಲ ಗೊತ್ತುಮಾಡಿಕೊಳ್ಳುವುದಕ್ಕೆ ಒಂದು ಜೀವ. ಅತಿಥಿಗಳು ತಲೆದೂಗಿ ಶಾಲು ಹೊದಿಸಿ ಹೋಗುತ್ತಿದ್ದರು.

ಹೀಗಿರುವಾಗ ಮಲ್ಲರಸನ ಕೂದಲು ನೆರೆಯಿತು. ಕನ್ನಡಿ ನೋಡಿಕೊಂಡವನಿಗೆ ಊಟ ಸೇರಲಿಲ್ಲ. ಪಂಡಿತನನ್ನು ಕರೆಸಿದ.

"ಪಂಡಿತರೇ, ಕೂದಲು ಕಪ್ಪಗಾಗೋ ಹಾಗೆ ಏನಾದ್ರೂ ಮಾಡಿ. ಬೆವರಿಳಿದು ಕಣ್ಣಿಗೆ ಬಿದ್ರೆ ಉರೀಬಾರದು, ನೋಡಿ ಮತ್ತೆ."

"ಅಪ್ಪಣೆ, ಮಹಾಸ್ವಾಮಿ" ಅಂದ ಪಂಡಿತ.

ಅವನು ಆರಿಸಿದ್ದು ಗೇರುಕಾಯಿಯ ಸೊನೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಾರಲ್ಲ, ಆ ಕರಿಗೇರು. ಬಟ್ಟೆಗೆ ಹತ್ತಿದರೆ ಹರಿಯುವವರೆಗೂ ಹೋಗುವುದಿಲ್ಲ. ಮೈಗೆ ಹತ್ತಿದರೆ ಬೊಬ್ಬೆ ಏಳುತ್ತದೆ. ಇದು ಊರಿನ ಚಿಕ್ಕ ಮಕ್ಕಳಿಗೂ ಗೊತ್ತು, ಪಂಡಿತನಿಗೂ ಗೊತ್ತು. ಆದರೆ ಅಂಥ ಕಪ್ಪು ಬೇರೆಲ್ಲೂ ಸಿಗದು. ಏನಾದರೂ ಬೆರೆಸಿದರೆ ಸೊನೆ ಪಳಗೀತು ಅಂದುಕೊಂಡ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮನುಷ್ಯ ಅವನು, ಹೇಳುವವರು ಯಾರು?

ಮೊದಲು ಹರಳೆಣ್ಣೆ ಬೆರೆಸಿದ. ಹಿತ್ತಲಿನ ಮೊದಲ ಗೂಡಿನ ಮೊಲವನ್ನು ಹಿಡಿದು ಕಣ್ಣಿಗೆ ಒಂದು ತೊಟ್ಟು ಬಿಟ್ಟ. ಕಣ್ಣು ಹೋಯಿತು. ಆಮೇಲೆ ತುಪ್ಪ ಬೆರೆಸಿದ. ಎರಡನೆಯ ಗೂಡಿನ ಮೊಲದ ಕಣ್ಣಿಗೆ ಬಿಟ್ಟ. ಕೀವು ಸುರಿದು ಆ ಕಣ್ಣೂ ಹೋಯಿತು. ಆಮೇಲೆ ತೆಂಗಿನಹಾಲು ಬೆರೆಸಿಕೊಂಡು ಮೂರನೆಯ ಗೂಡಿನ ಮುಂದೆ ಬಂದು ನಿಂತ.

ಆ ಗೂಡಿನಲ್ಲಿದ್ದುದು ಬೂದಿ ಅನ್ನುವ ಹೆಣ್ಣುಮೊಲ, ಮತ್ತೆ ಅದರ ಒಂದೇ ಒಂದು ಮರಿ.

"ಈ ಮರಿ ಆದೀತು, ಕಣ್ಣು ದೊಡ್ಡದಾಗಿದೆ" ಅಂದ ಪಂಡಿತ.

ಬೂದಿಯ ಎದೆ ಒಡೆಯಿತು. ಅಕ್ಕಪಕ್ಕದ ಗೂಡುಗಳಲ್ಲಿ ಏನಾಯಿತು ಅನ್ನುವುದನ್ನು ಅದು ಕೇಳಿಸಿಕೊಂಡಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಬೆಕ್ಕಾದರೆ ಹಸಿವಿಗಾದರೂ ಹಿಡಿಯುತ್ತದೆ. ಇಲ್ಲಿ ಒಬ್ಬರ ಬಿಳಿ ಕೂದಲಿಗೆ ಇನ್ನೊಬ್ಬರ ಮಗುವಿನ ಕಣ್ಣು. ಅಳುತ್ತಾ ಕೂತರೆ ಮರಿ ಉಳಿಯುವುದಿಲ್ಲ ಅಂತ ಬೂದಿ ಧೈರ್ಯ ತಂದುಕೊಂಡಿತು. ಮೊಲ ಮಾತಾಡುತ್ತದಾ ಅಂತ ಕೇಳಬೇಡಿ, ಈ ಕಥೆಯಲ್ಲಿ ಆಡುತ್ತದೆ.

"ಪಂಡಿತರೇ, ಒಂದು ಮಾತು."

"ಏನು? ಬೇಗ ಹೇಳು."

"ಇಷ್ಟು ದೊಡ್ಡ ವಿದ್ಯೇನ ಈ ಹಿತ್ತಲಲ್ಲಿ ಯಾಕೆ ಮಾಡ್ತೀರಿ? ದೊರೆ ತಲೆಗೆ ಹಚ್ಚೋ ಬಣ್ಣ ಇದು. ತುಂಬಿದ ಸಭೇಲಿ, ಹಿಂದಿನವರ ಪದ್ಧತಿ ಪ್ರಕಾರ ಕಂಕಣ ಕಟ್ಟಿ, ಎಲ್ಲರ ಎದುರಿಗೇ ಮಾಡಿದ್ರೆ ಅದರ ಗತ್ತೇ ಬೇರೆ."

ಪಂಡಿತನ ಕೈ ತಡೆಯಿತು. ಸಭೆ ಕಣ್ಣಮುಂದೆ ಬಂತು. ಶಾಲೂ ಕಣ್ಣಮುಂದೆ ಬಂತು.

"ಮರಿ ಮಾತ್ರ ಬೇಡ" ಅಂದಿತು ಬೂದಿ. "ಎಳೇದು, ಒದ್ದಾಡಿ ಸಭೇಲಿ ನಿಮ್ಮ ಮಾನ ಕಳೀತದೆ. ನನ್ನನ್ನ ಕರ್ಕೊಂಡು ಹೋಗಿ. ನಾನು ಅಲ್ಲಾಡದೆ ಕೂತಿರ್ತೀನಿ."

"ಬುದ್ಧಿವಂತ ಮೊಲ" ಅಂತ ಪಂಡಿತ ಬೂದಿಯನ್ನು ಎತ್ತಿಕೊಂಡ. ಮರಿ ಓಡಿಬಂದು ಗೂಡಿನ ಸರಳಿಗೆ ಮೂತಿ ಇಟ್ಟಿತು.

"ಅವ್ವಾ, ನೀನು ಹೋಗಬೇಡ."

"ಸುಮ್ನಿರು ಮಗ. ಹೋಗಿ ಬರ್ತೀನಿ" ಅಂದಿತು ಬೂದಿ. ಬರುವಾಗ ಮರಿಯ ಮುಖ ಕಾಣುತ್ತದೋ ಇಲ್ಲವೋ ಅದಕ್ಕೇ ಗೊತ್ತಿರಲಿಲ್ಲ.

ಮಾರನೆಯ ದಿನ ಸಭೆ ತುಂಬಿತು. ಶೇಷಪಂಡಿತ ಇದ್ದಬದ್ದ ಶಾಲನ್ನೆಲ್ಲ ಹೊದ್ದುಕೊಂಡು ಬಂದ. ಬೂದಿಯನ್ನು ಪೀಠದ ಮೇಲೆ ಕೂರಿಸಿ, ಮುಂಗಾಲಿಗೆ ಹಳದಿ ದಾರ ಕಟ್ಟಿ, "ಇವತ್ತಿಗೆ ನೀನೇ ರಾಜನ ಮೈ" ಅಂತ ರಾಗವಾಗಿ ಹೇಳಿದ.

ಹಂಪಯ್ಯ ಅಂತ ಮುದಿ ಮಂತ್ರಿ ಒಬ್ಬರಿದ್ದರು. ದಾರ ಕಂಡದ್ದೇ ಮಂಡಿ ಹಿಡಿದುಕೊಂಡು ಎದ್ದು ನಿಂತರು. "ಕಂಕಣ ಬಂದಿದೆ, ಏಳ್ರಪ್ಪ" ಅಂದರು. ಸಭೆಯೆಲ್ಲ ಎದ್ದಿತು. ಏನು ಎತ್ತ ತಿಳಿಯದೆ ಮಲ್ಲರಸನೂ ಎದ್ದ. ಒಂದು ಮೊಲದ ಮುಂದೆ ಇಡೀ ರಾಜ್ಯ ನಿಂತುಕೊಂಡಿತು, ನಗಬೇಡಿ.

"ಬುದ್ಧಿ" ಅಂದಿತು ಬೂದಿ, ರಾಜನನ್ನು ನೋಡಿ. "ಕಣ್ಣು ಕೊಡೋಕೆ ಮುಂಚೆ ಪಂಡಿತರನ್ನ ಕೆಲವು ಮಾತು ಕೇಳಲಾ?"

"ಕೇಳು" ಅಂದ ರಾಜ.

"ಪಂಡಿತರೇ, ನಾನೂ ದೊರೆಯೂ ಒಂದೇನಾ, ಬೇರೆನಾ?"

ಪಂಡಿತ ನಕ್ಕ. "ಎಲ್ಲಿಯ ದೊರೆ, ಎಲ್ಲಿಯ ಮೊಲ. ಬೇರೆ ಬೇರೆ."

"ಹಾಗಾದ್ರೆ ನನ್ನ ಕಣ್ಣಿಗೆ ಏನೂ ಆಗದಿದ್ರೂ ದೊರೆ ಕಣ್ಣಿಗೆ ಆಗಬಹುದಲ್ಲ. ಈ ಪರೀಕ್ಷೆ ಯಾಕೆ?"

ರಾಜ ತಲೆ ಮುಟ್ಟಿಕೊಂಡ. ಪಂಡಿತ ಗಾಬರಿಯಾದ. "ಹಾಗಲ್ಲ, ಹಾಗಲ್ಲ. ಹೊರಗೆ ಬೇರೆಯಾದರೂ ಒಳಗೆ ರಕ್ತ, ನರ, ಕಣ್ಣಿನ ಪೊರೆ ಎಲ್ಲ ಒಂದೇ."

"ಒಂದೇ ಆದ್ರೆ ದೊರೆಗೆ ಉರಿಯೋದು ನನಗೂ ಉರೀತದಲ್ಲ?"

"ನರ ಇದೆ, ನೋವಿನ ಅರಿವಿಲ್ಲ" ಅಂದ ಪಂಡಿತ. "ಪ್ರಾಣಿಗಳು ಕಿರುಚುವುದು ಬರೀ ಅಭ್ಯಾಸಬಲ."

"ಹಾಗಾದ್ರೆ ನಮ್ಮನ್ನ ಹಿಡಿಯೋವಾಗ ನೀವು ಕಿವಿಗೆ ಅರಳೆ ಯಾಕೆ ತುರುಕ್ಕೊಳ್ತೀರಿ?"

ಪಂಡಿತನ ಕೈ ತಾನಾಗಿ ಕಿವಿಗೆ ಹೋಯಿತು. ಅವತ್ತೂ ಅರಳೆ ಅಲ್ಲೇ ಇತ್ತು. ಸಭೆಯೆಲ್ಲ ನೋಡಿತು. ಒಂದೇ ಅಂದರೆ ನೋವು ಒಪ್ಪಬೇಕು, ಬೇರೆ ಅಂದರೆ ಪರೀಕ್ಷೆ ಬಿಡಬೇಕು. ಅತ್ತ ದರಿ, ಇತ್ತ ಪುಲಿ.

ಉತ್ತರ ಇಲ್ಲದವನಿಗೆ ಸಿಟ್ಟು ಬರುತ್ತದೆ. "ಸಾಕು ನಿನ್ನ ಮಾತು" ಅಂತ ಪಂಡಿತ ಬೂದಿಯ ಕಿವಿ ಹಿಡಿದು ಬಣ್ಣದ ಕಡ್ಡಿ ಎತ್ತಿದ. ಆದರೂ ಬೂದಿ ಮಾತು ನಿಲ್ಲಿಸಲಿಲ್ಲ.

"ಬುದ್ಧಿ, ಅಲ್ಲಾಡೋದಿಲ್ಲ ಅಂತ ಮಾತು ಕೊಟ್ಟಿದ್ದೀನಿ, ಅಲ್ಲಾಡೋದಿಲ್ಲ. ಆದ್ರೆ ಪದ್ಧತಿ ಪೂರ್ತಿ ನಡೀಲಿ. ಇವತ್ತು ನಾನು ನಿಮ್ಮ ಮೈ. ಪರೀಕ್ಷೆ ಆಗದ್ದು ರಾಜನ ಮೈ ಮುಟ್ಟಬಾರದು ಅಂತ ನಿಮ್ಮ ಹಿರಿಯರದೇ ಕಟ್ಟಳೆ. ನನ್ನನ್ನ ಮುಟ್ಟೋಕೆ ಮುಂಚೆ ಇದು ಯಾರ ಮೇಲೆ ಪರೀಕ್ಷೆ ಆಯ್ತು?"

ರಾಜ ಹಂಪಯ್ಯನ ಮುಖ ನೋಡಿದ.

"ಕಟ್ಟಳೆ ಹಾಗೇ ಇದೆ, ಬುದ್ಧಿ" ಅಂದರು ಹಂಪಯ್ಯ. "ಕಂಕಣ ಕಟ್ಟಿದ ಮೇಲೆ ಅದರ ಮೈ ಬೇರೆ, ನಿಮ್ಮ ಮೈ ಬೇರೆ ಅನ್ನೋ ಹಾಗಿಲ್ಲ."

"ಸರಿ" ಅಂದ ರಾಜ. "ಪಂಡಿತರೇ, ಬಣ್ಣ ಮಾಡಿದ್ದು ನೀವು. ಅದರ ಮೇಲೆ ನಂಬಿಕೆ ಇರೋದೂ ನಿಮಗೇ. ಒಂದು ತೊಟ್ಟು ನೀವೇ ಹಾಕ್ಕೊಂಡು ತೋರಿಸಿ."

ಪಂಡಿತ ಕಡ್ಡಿಯನ್ನು ಹುಬ್ಬಿನವರೆಗೂ ತಂದ. ಅಲ್ಲಿಂದ ಕೈ ಇಳಿಯಲಿಲ್ಲ.

"ಬೇಡ ಮಹಾಸ್ವಾಮಿ. ಕಣ್ಣು ಹೋಗುತ್ತದೆ."

"ನಿಮಗೆ ಹೇಗೆ ಗೊತ್ತು?"

"ಗೇರಿನ ಸೊನೆ ಇದು. ಈಗಾಗಲೇ ಎರಡು ಮೊಲಗಳ ಕಣ್ಣು ಹೋಗಿದೆ."

"ಗೊತ್ತಿದ್ದೂ ಇದರ ಕಣ್ಣಿಗೆ ತಂದಿರಾ?"

"ದೊರೆಗಳಿಗೆ ಕೂದಲು ಕಪ್ಪಾಗಬೇಕಿತ್ತು."

ಮಲ್ಲರಸ ಮೆಲ್ಲಗೆ ಕೂತುಕೊಂಡ. ಚಿಕ್ಕವನಿದ್ದಾಗ ಗೇರುಕಾಯಿ ಕಚ್ಚಿ ಅವನ ತುಟಿ ಬೆಂದುಹೋಗಿತ್ತು. ತಾಯಿ ಬೆಣ್ಣೆ ಹಚ್ಚಿ ರಾತ್ರಿಯೆಲ್ಲ ಊದುತ್ತಾ ಕೂತಿದ್ದಳು. "ಗೇರು ಅಂತ ನನಗ್ಯಾಕೆ ಹೇಳಲಿಲ್ಲ?" ಅಂದ.

"ನೀವು ಕೇಳಲಿಲ್ಲ, ಮಹಾಸ್ವಾಮಿ."

ಅವತ್ತು ಪಂಡಿತ ಆಡಿದ ಮಾತುಗಳಲ್ಲಿ ಇದೊಂದು ಮಾತ್ರ ಸಾಣೆ ಹಿಡಿದ ಹಾಗಿತ್ತು. ರಾಜನಿಗೆ ನಾಚಿಕೆಯಾಯಿತು. ಬಣ್ಣದ ಬಟ್ಟಲನ್ನು ಹೊರಗೆ ಚೆಲ್ಲಿಸಿದ. ಎದ್ದು ನಿಂತು ಸಭೆಗೆ ಹೇಳಿದ.

"ಇನ್ನು ಮೇಲೆ ಚಂದಕ್ಕೆ, ಶೋಕಿಗೆ, ಅತಿಥಿಗಳ ಮೆಚ್ಚುಗೆಗೆ ಯಾವ ಪ್ರಾಣಿಯನ್ನೂ ಮುಟ್ಟಕೂಡದು. ರೋಗ ಬಂದು ಊರು ಸಾಯೋ ಕಾಲಕ್ಕೆ ಮುಟ್ಟಲೇಬೇಕಾಗಿ ಬಂದ್ರೆ, ಮೊದಲು ಇದೇ ಸಭೇಲಿ ಮೂರು ಮಾತು ಕೇಳಬೇಕು. ಇದು ಬೇಕೇ ಬೇಕಾ? ಬೇರೆ ದಾರಿ ಇಲ್ಲವಾ? ಎಷ್ಟು ಕಡಿಮೆ ಜೀವಕ್ಕೆ, ಎಷ್ಟು ಕಡಿಮೆ ನೋವಿಗೆ ಮುಗಿಸಬಹುದು? ಹಿತ್ತಲಲ್ಲಿ ಏನೂ ನಡೀಬಾರದು."

ಶೇಷಪಂಡಿತನ ವೈದ್ಯಪದವಿ ಹೋಯಿತು. ಕಣ್ಣು ಹೋದ ಮೊಲಗಳಿಗೆ ದಿನಾ ಹುಲ್ಲು ತಿನ್ನಿಸಿ, ಗಾಯ ತೊಳೆಯುವ ಕೆಲಸ ಅವನಿಗೇ ಬಂತು. ಕಿವಿಯಲ್ಲಿ ಅರಳೆ ಇಟ್ಟುಕೊಳ್ಳಕೂಡದು ಅಂತ ಅಪ್ಪಣೆಯಾಯಿತು.

ಆಮೇಲೆ ರಾಜ ಬೂದಿಯ ಹತ್ತಿರ ಬಂದು ಕೇಳಿದ. "ಈಗ ಸಮಾಧಾನವಾಯ್ತಾ?"

"ಅರ್ಧ ಆಯ್ತು, ಬುದ್ಧಿ" ಅಂದಿತು ಬೂದಿ. "ಮೂರು ಮಾತು ಒಳ್ಳೇದೇ. ಆದ್ರೆ ಕೇಳೋರೂ ನೀವೇ, ಉತ್ತರ ಹೇಳೋರೂ ನೀವೇ. ನಮ್ಮನ್ನ ಯಾರೂ ಕೇಳೋದಿಲ್ಲ."

ರಾಜ ಮರಿಯಿದ್ದ ಗೂಡಿನ ಬಾಗಿಲು ತೆಗೆಸಿದ. ಬೂದಿ ಮರಿಯನ್ನು ಕರೆದುಕೊಂಡು ಕುರುಚಲು ಕಾಡಿನ ಕಡೆ ಹೊರಟುಹೋಯಿತು.

ಸಂಜೆ ಮಲ್ಲರಸ ಬಿಳಿ ತಲೆಯಲ್ಲೇ ಹಿತ್ತಲಿಗೆ ಹೋಗಿ, ಕಣ್ಣು ಹೋದ ಮೊಲಗಳಿಗೆ ಎಳೆಯ ಗರಿಕೆ ಹಿಡಿದ. ಮನುಷ್ಯನ ಕೈಯ ವಾಸನೆ ಬಂದದ್ದೇ ಅವು ನಡುಗುತ್ತಾ ಗೂಡಿನ ಮೂಲೆಗೆ ಸರಿದವು. ಕೈಮಾಡಿದ್ದು ಪಂಡಿತ, ಕೈ ಚಾಚಿದ್ದು ರಾಜ ಅನ್ನುವ ಭೇದ ಅವಕ್ಕೆ ಇರಲಿಲ್ಲ. ರಾಜ ಗರಿಕೆಯನ್ನು ಅಲ್ಲೇ ಇಟ್ಟು ಬಂದ.

ಕಥೆ ಇಷ್ಟೇ. ನೀತಿ ಏನು ಅಂತ ಕೇಳುತ್ತೀರಿ, ಹೇಳುತ್ತೇನೆ. ನಿನ್ನ ಕಣ್ಣಿಗೆ ಹಾಕಿಕೊಳ್ಳಲಾರದ್ದನ್ನು ನಿನ್ನ ಶೋಕಿಗೋಸ್ಕರ ಇನ್ನೊಂದು ಜೀವದ ಕಣ್ಣಿಗೆ ಹಾಕಬೇಡ. ಹಾಕಲೇಬೇಕಾದ ಕಷ್ಟದ ಕಾಲ ಬಂದರೆ, ಆ ಜೀವ ಕೂಗುವುದನ್ನು ಕೊನೆಯವರೆಗೂ ನಿಂತು ಕೇಳು.