ಡ್ರ್ಯಾಗನ್ನಿನ ರೇಷನ್ ಕಾರ್ಡು

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ, ರಾಜನ ಹತ್ತಿರ ಒಂದು ಕಾದಂಬರಿ ಇತ್ತು. ಹತ್ತಿರ ಬನ್ನಿ, ಕಡಲ ಗಾಳಿ ಜೋರಿದೆ, ಅಲ್ಲಿಗೆ ಕೇಳಿಸಲಿಕ್ಕಿಲ್ಲ.

ಕಾದಂಬರಿ ದಿಂಬಿನಷ್ಟು ದಪ್ಪ. ಅದರಲ್ಲಿ ಒಂಬತ್ತು ತಲೆಯ ಡ್ರ್ಯಾಗನ್. ಅದು ಚಿನ್ನದ ರಾಶಿಯ ಮೇಲೆ ಮಲಗಿರುತ್ತದೆ. ಬೇರೇನೂ ಮಾಡುವುದಿಲ್ಲ. ಊರಿನ ಮಕ್ಕಳೆಲ್ಲ ಅದನ್ನು ಓದಿದ್ದರು. ರಾಜ ದಿಗ್ಗಜರಾಯನೂ ಓದಿದ್ದ. ಅವನು ಓದಿದ್ದು ಅದೊಂದೇ ಆದ್ದರಿಂದ, ಪ್ರಪಂಚವೆಲ್ಲ ಅದರಲ್ಲೇ ಇದೆ ಎಂದು ಅವನಿಗೆ ಖಾತ್ರಿಯಾಗಿತ್ತು.

"ಇನ್ನು ಶಾಲೆಯಲ್ಲಿ ಅರ್ಥಶಾಸ್ತ್ರವೂ ಇದೇ, ರಾಜ್ಯಶಾಸ್ತ್ರವೂ ಇದೇ," ಎಂದ.

"ಎಂಥಾ ಐಡಿಯಾ ಪ್ರಭು! ಮಕ್ಕಳಿಗೆ ಬೋರೇ ಆಗುವುದಿಲ್ಲ," ಎಂದರು ಶಾಲೆಯ ಮೇಷ್ಟ್ರು ತ್ರಿವಿಕ್ರಮ ಸಾರ್. ಹಳೆಯ ಪಠ್ಯಪುಸ್ತಕಗಳನ್ನು ಕಡಲೆಕಾಯಿ ಕಟ್ಟಲು ಕೊಟ್ಟರು. ಹೆಗಲಿಗೆ ಕಿಟಕಿಯ ಪರದೆ ಕಟ್ಟಿಕೊಂಡರು. ಕೈಯಲ್ಲಿ ಮಂತ್ರದಂಡ ಹಿಡಿದರು. ಮಂತ್ರದಂಡ ಅಂದರೆ ನಿನ್ನೆಯ ಬೆತ್ತವೇ. ತುದಿಗೆ ಬೇಗಡೆ ಸುತ್ತಿದ್ದರು, ಅಷ್ಟೇ.

ಮೊದಲ ಪಾಠ, ತಲಾ ಆದಾಯ.

"ಆದಾಯವನ್ನು ತಲೆಗಳಿಗೆ ಹಂಚಿದರೆ ತಲಾ ಆದಾಯ. ಡ್ರ್ಯಾಗನ್ನಿಗೆ ಎಷ್ಟು ತಲೆ?"

"ಒಂಬತ್ತು ಸಾರ್!"

"ಅದು ದುಡಿಯುತ್ತದಾ? ಇಲ್ಲ. ಆದಾಯ ಸೊನ್ನೆ. ಒಂದು ಸೊನ್ನೆಯನ್ನು ಒಂಬತ್ತು ತಲೆಗೆ ಹಂಚಿದರೆ, ಪಾಪ, ಒಂದು ತಲೆಗೆ ಪೂರ್ತಿ ಸೊನ್ನೆಯೂ ಸಿಗುವುದಿಲ್ಲ. ಸೊನ್ನೆಯ ಚೂರು ಸಿಗುತ್ತದೆ."

ಹಿಂದಿನ ಬೆಂಚಿನ ನೇತ್ರಾವತಿ ಕೈಯೆತ್ತಿದಳು. "ಸಾರ್, ಅದರ ಅಡಿಯ ಚಿನ್ನ?"

"ಅದು ಆದಾಯವಲ್ಲಮ್ಮ, ಹಾಸಿಗೆ. ನಿಮ್ಮ ಮನೆಯ ಚಾಪೆಯನ್ನು ಯಾರಾದರೂ ಲೆಕ್ಕಕ್ಕೆ ಹಿಡಿದರಾ?"

ನೇತ್ರಾವತಿ ಕೈಯಿಳಿಸಿದಳು.

ಇದನ್ನು ಕೇಳಿ ರಾಜ ಅತ್ತುಬಿಟ್ಟ. "ನನ್ನ ರಾಜ್ಯದಲ್ಲಿ ಸೊನ್ನೆಗೂ ಗತಿಯಿಲ್ಲದ ಪ್ರಾಣಿಯೇ! ಕೊಡಿ ಅದಕ್ಕೊಂದು ರೇಷನ್ ಕಾರ್ಡು!"

ಕಾರ್ಡು ಕೊಡಬೇಕಾದರೆ ಯಾರದ್ದಾದರೂ ಕಿತ್ತುಕೊಳ್ಳಬೇಕು. ಸಾರ್ ಊರೆಲ್ಲ ಹುಡುಕಿದರು. ಸಿಕ್ಕಿದ್ದು ನೇತ್ರಾವತಿಯ ಅಮ್ಮ, ಬಾಗಿ ಎಂಬ ಮೀನು ಮಾರುವವಳು. "ದಿನವೂ ದುಡಿಯುವ ಹೆಂಗಸು! ಮನೆಯಲ್ಲಿ ಎರಡೇ ತಲೆ! ಇಂಥ ಸಾಹುಕಾರ್ತಿ ರಾಜ್ಯದಲ್ಲೇ ಇನ್ನೊಬ್ಬಳಿಲ್ಲ!" ಎಂದರು.

ಬಾಗಿಯ ಕಾರ್ಡು ಹೋಯಿತು. ಬಾಗಿಯ ಕುಚ್ಚಲಕ್ಕಿ ಗಂಟು ಅರಮನೆಗೆ ಬಂತು. ಕಾದಂಬರಿಯನ್ನು ತೆರೆದಿಟ್ಟು ಅದರ ಮುಂದೆ ಅಕ್ಕಿ ಸುರಿದರು.

ಪುಟದೊಳಗಿನಿಂದ ಡ್ರ್ಯಾಗನ್ ತಲೆ ಕೆರೆದುಕೊಂಡಿತು. ಒಂಬತ್ತನ್ನೂ ಕೆರೆಯಲು ಹೊತ್ತು ಹಿಡಿಯಿತು. "ನಾನು ಅಕ್ಕಿ ತಿನ್ನುವುದಿಲ್ಲ ಮಾರಾಯ್ರೇ. ನಾನು ತಿನ್ನುವುದು ರಾಜಕುಮಾರಿಯರನ್ನು."

"ಪಾಠದ ಮಧ್ಯೆ ಮಾತಾಡಬೇಡ," ಎಂದರು ಸಾರ್.

ಇತ್ತ ಬಾಗಿಯ ಮನೆಯಲ್ಲಿ ಗಂಜಿಗೆ ಅಕ್ಕಿಯಿಲ್ಲ. ಬಾಗಿ ಬೂತಾಯಿ ಮೀನಿನ ಬುಟ್ಟಿಯನ್ನು ತಲೆಯ ಮೇಲಿಟ್ಟು, ಮಗಳ ಕೈ ಹಿಡಿದು ಅರಮನೆಗೇ ನಡೆದಳು.

"ಒಡೆಯಾ, ನನ್ನ ಅಕ್ಕಿ ನನಗೆ ಕೊಡಿ. ಅದು ಪುಸ್ತಕದ ಹಾವು. ಅದಕ್ಕೆ ಹಸಿವುಂಟಾ?"

"ಅದನ್ನು ನಾನೂ ಹೇಳಲಾರೆ, ನೀನೂ ಹೇಳಲಾರೆ," ಎಂದ ರಾಜ. "ಓಟು ಹಾಕೋಣ. ಎರಡನೇ ಪಾಠ ಏನು, ಸಾರ್?"

"ತಲೆಗೊಂದು ಓಟು ಪ್ರಭು." ಸಾರ್ ಪುಸ್ತಕ ಎತ್ತಿ ಹಿಡಿದರು. "ಡ್ರ್ಯಾಗನ್ನಿನದು ಒಂಬತ್ತು. ಇವರದು ಎರಡು. ಅಕ್ಕಿ ಡ್ರ್ಯಾಗನ್ನಿಗೆ!"

"ನನಗೆ ಬೇಡ ಅಂದೆನಲ್ಲ," ಎಂದಿತು ಡ್ರ್ಯಾಗನ್.

"ಫಲಿತಾಂಶ ಬಂದ ಮೇಲೆ ಅಭ್ಯರ್ಥಿಯ ಮಾತು ನಡೆಯುವುದಿಲ್ಲ," ಎಂದರು ಸಾರ್.

ಆಗ ನೇತ್ರಾವತಿ ಅಮ್ಮನ ಸೆರಗು ಎಳೆದು ಕಿವಿಯಲ್ಲಿ ಏನೋ ಹೇಳಿದಳು. ಬಾಗಿ ಬುಟ್ಟಿಯನ್ನು ರಾಜನ ಕಾಲ ಬಳಿ ದೊಪ್ಪೆಂದು ಇಳಿಸಿ ಮುಚ್ಚಿದ್ದ ಎಲೆ ತೆಗೆದಳು.

"ತಲೆಗೊಂದು ಓಟು ಅಲ್ವಾ ಒಡೆಯಾ? ಎಣಿಸಿ."

ಬುಟ್ಟಿ ತುಂಬ ಬೂತಾಯಿ. ತಲೆಯ ಮೇಲೆ ತಲೆ, ತಲೆಯ ಅಡಿಯಲ್ಲಿ ತಲೆ.

ಸಾರ್ ಮಂತ್ರದಂಡ ಕೆಳಗೆ ಬಿಟ್ಟರು. "ಅನ್ಯಾಯ! ಇವು ಸತ್ತಿವೆ! ಸತ್ತವರು ಓಟು ಹಾಕುವ ಹಾಗಿಲ್ಲ!"

"ಹುಟ್ಟದೇ ಇದ್ದದ್ದು ಹಾಕಬಹುದು, ಸತ್ತದ್ದು ಹಾಕಬಾರದಾ?" ಎಂದಳು ಬಾಗಿ. "ನನ್ನ ಮೀನು ಬೆಳಿಗ್ಗೆವರೆಗಾದರೂ ಬದುಕಿತ್ತು ಸಾರ್. ನಿಮ್ಮ ಹಾವು ಯಾವತ್ತು ಬದುಕಿತ್ತು?"

ರಾಜ ಬಗ್ಗಿ ಮೀನುಗಳನ್ನು ಕೇಳಿದ, "ಅಕ್ಕಿ ಬಾಗಿಗೋ?" ಬೂತಾಯಿಗಳೆಲ್ಲ ಬಾಯಿ ತೆರೆದುಕೊಂಡೇ ಇದ್ದವು.

"ಹೂಂ ಅಂದವು!" ಎಂದ ರಾಜ. ಡ್ರ್ಯಾಗನ್ ಒಂಬತ್ತು ಬಾಯಲ್ಲಿ ಚಪ್ಪಾಳೆಯ ಹಾಗೆ ಸದ್ದು ಮಾಡಿತು.

ಬಾಗಿ ಅಕ್ಕಿ ಬಾಚಿ ಸೆರಗಿಗೆ ಕಟ್ಟಿಕೊಂಡಳು. ಪುಸ್ತಕದ ಪಕ್ಕದಲ್ಲಿದ್ದ ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬುಟ್ಟಿ ಎತ್ತಲು ಹೋದರೆ ಸಾರ್ ಅಡ್ಡ ನಿಂತರು. "ಮುಟ್ಟಬೇಡ! ಬಹುಮತ ಮೀನುಗಳದ್ದು. ಇನ್ನು ಅವರೇ ಸರಕಾರ!"

"ಇಟ್ಟುಕೊಳ್ಳಿ," ಎಂದು ಬಾಗಿ ಹೋದಳು.

ಸರಕಾರವನ್ನು ಸಿಂಹಾಸನದ ಮೇಲೆ ಕೂರಿಸಿದರು. ಮರುದಿನ ಸ್ವಲ್ಪ ವಾಸನೆ. ಅದರ ಮರುದಿನ ರಾಜ ಮೂಗಿಗೆ ಬಟ್ಟೆ ಕಟ್ಟಿಕೊಂಡ. ಆಮೇಲೆ ಬೆಕ್ಕುಗಳು ಬಂದವು. ಸಾರ್ ಅವನ್ನು ವಿರೋಧ ಪಕ್ಷ ಎಂದು ಬರೆದುಕೊಂಡರು.

ಪರೀಕ್ಷೆ ಬಂತು. ಪ್ರಶ್ನೆ ಒಂದೇ: "ಸರಕಾರ ನಾರುತ್ತಿದೆ. ಕಾರಣವನ್ನು ಡ್ರ್ಯಾಗನ್ನಿನ ಸಹಾಯದಿಂದ ವಿವರಿಸಿ." ಮಕ್ಕಳು ಪುಟಗಟ್ಟಲೆ ಬರೆದರು. ಡ್ರ್ಯಾಗನ್ನಿನ ಉಸಿರು ಎಂದರು, ಶಾಪ ಎಂದರು. ನೇತ್ರಾವತಿ ಬರೆದದ್ದು ಒಂದು ಸಾಲು: "ಮೀನಿಗೆ ಉಪ್ಪು ಹಾಕಿರಲಿಲ್ಲ."

ಕಾದಂಬರಿಯಲ್ಲಿ ಉಪ್ಪು ಇರಲಿಲ್ಲ. ಸಾರ್ ಸೊನ್ನೆ ಕೊಟ್ಟರು.

ಹುಡುಗಿ ಮುಖ ಸಣ್ಣ ಮಾಡಿಕೊಂಡು ಮನೆಗೆ ಬಂದಳು. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು.

"ಪೂರ್ತಿ ಸೊನ್ನೆಯೇ ಕೊಟ್ಟರಾ?" ಎಂದಳು ಬಾಗಿ. "ಹಾಗಾದರೆ ಡ್ರ್ಯಾಗನ್ನಿಗಿಂತ ನೀನೇ ಸಾಹುಕಾರ್ತಿ. ಕಾರ್ಡು ಬಚ್ಚಿಡು, ಉಣ್ಣು."

ಕತೆ ಪುಸ್ತಕಕ್ಕೆ ಹೋಯಿತು, ಅಕ್ಕಿ ಗಂಜಿಗೆ ಬಂತು. ನೀತಿ ಏನು ಅಂತ ಕೇಳುವವರು ತ್ರಿವಿಕ್ರಮ ಸಾರ್ ಹತ್ತಿರ ಹೋಗಿ. ಹೋಗುವಾಗ ಮೂಗು ಮುಚ್ಚಿಕೊಳ್ಳಿ.