ಗಾರೆಗೆ ಉಸಿರು ಕುಡಿಸಿದ ಸಂಕವ್ವ

ಸುಣ್ಣಗಿರಿ ಅಂತ ಒಂದು ರಾಜ್ಯ. ಅಲ್ಲಿಯವರಿಗೆ ಕಲ್ಲು ಸುಟ್ಟು ಸುಣ್ಣ ಮಾಡುವುದೇ ಕಸುಬು. ಸುಡುವಾಗ ಕಲ್ಲು ಒಂದು ಉಸಿರು ಬಿಡುತ್ತದೆ. ಕಣ್ಣಿಗೆ ಕಾಣದು, ಆದರೆ ಭಾರ. ತಗ್ಗು ಹುಡುಕಿ ಕೂರುತ್ತದೆ. ಸುಣ್ಣ ಸುಡುವ ಗೂಡುಗಳ ಕೆಳಗಿನ ಕೇರಿಯಲ್ಲಿ ಮೊದಲು ಕೋಳಿ ಸತ್ತವು. ಆಮೇಲೆ ಕುರಿ ಸತ್ತವು. ಆಮೇಲೆ ಮನುಷ್ಯರೇ ತಲೆ ತಿರುಗಿ ಬಿದ್ದರು.

ಕಲ್ಲಿನ ಉಸಿರನ್ನು ಹಿಡಿದಿಡುವವರ ಗೂಡು ಉರಿಯಲಿ, ಹಿಡಿಯದವರ ಗೂಡಿಗೆ ನೀರು ಹೊಯ್ಯಿರಿ ಎಂದ ರಾಜ.

ಸುಣ್ಣ ಸುಡುವ ಸಂಕವ್ವನಿಗೆ ಗೂಡು ಬಿಟ್ಟರೆ ಬೇರೆ ಗತಿಯಿಲ್ಲ. ಗೂಡಿನ ಬಾಯಿ ಮುಚ್ಚಿದಳು, ಮಣ್ಣಿನ ಕೊಳವೆ ಇಟ್ಟಳು, ಉಸಿರನ್ನು ಆಡಿನ ತೊಗಲಿನ ಚೀಲಗಳಿಗೆ ತುಂಬಿದಳು. ತುಂಬಿದ್ದನ್ನು ಎಲ್ಲಿಡುವುದು? ಸುಣ್ಣ ಮರಳು ಕಲಸಿ ಗಾರೆಯ ಅಚ್ಚು ಹಾಕಿ, ಮುಚ್ಚಿದ ಕುಳಿಯಲ್ಲಿಟ್ಟು, ಆ ಹಸಿ ಗಾರೆಗೇ ಕುಡಿಸಿದಳು. ಗಟ್ಟಿಯಾಗಲು ತಿಂಗಳುಗಟ್ಟಲೆ ಕಾಯಿಸುತ್ತಿದ್ದ ಗಾರೆ ಬೇಗನೆ ಕಲ್ಲಾಯಿತು. ಉಸಿರು ಅದರೊಳಗೇ ಉಳಿಯಿತು. ರಾಜ ಮೆಚ್ಚಿ, ಕೋಟೆಗೆ ಇದೇ ಅಚ್ಚು, ಎಲ್ಲ ಗೂಡಿನವರೂ ಉಸಿರು ತುಂಬಿದ ಚೀಲ ತರತಕ್ಕದ್ದು ಎಂದ.

ಬೊಪ್ಪಣ್ಣನದು ಊರಿಗೇ ದೊಡ್ಡ ಗೂಡು. ಸೋಮಾರಿತನ ಅದಕ್ಕಿಂತ ದೊಡ್ಡದು. ಅವನು ಆಳುಗಳನ್ನು ಗುಡ್ಡಕ್ಕೆ ಹತ್ತಿಸಿ, ಚೀಲಗಳಿಗೆ ಬರಿ ಗಾಳಿ ತುಂಬಿಸಿ ಕಳಿಸಿದ. ಆ ಗಾಳಿ ಕುಡಿದ ಅಚ್ಚಿನ ಗೋಡೆ ಮೊದಲ ಮಳೆಗೇ ಕರಗಿತು. ಬೊಪ್ಪಣ್ಣ ಆಸ್ಥಾನಕ್ಕೆ ಓಡಿ, ತಪ್ಪೆಲ್ಲ ಸಂಕವ್ವನ ವಿದ್ಯೆಯದು, ಅವಳ ಗೂಡು ಆರಿಸಿ ಎಂದ. ರಾಜ ಹೂಂ ಎಂದ. ನೀರಿನ ಕೊಡಗಳು ಸಿದ್ಧವಾದವು.

ಸಂಕವ್ವ ಬಂದು, ಕೊಡ ಎತ್ತುವ ಮೊದಲು ಒಂದಿಷ್ಟು ತಿಳಿ ಸುಣ್ಣದ ನೀರು ತರಿಸಿ ಎಂದಳು. ಗೂಡಿನ ಉಸಿರು ಸೋಕಿದರೆ ಆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಗೂಡಿನ ಮುಂದೆ ಕೂತವರಿಗೆಲ್ಲ ಗೊತ್ತು. ಬೊಪ್ಪಣ್ಣ ಯಾವತ್ತೂ ಕೂತವನಲ್ಲ.

ಅವಳ ಚೀಲವನ್ನು ಒಂದು ಪಾತ್ರೆಯ ನೀರಿನೊಳಗೆ ಒತ್ತಿದರು. ಹಾಲಾಯಿತು. ಇನ್ನೊಂದು ಪಾತ್ರೆಯಲ್ಲಿ ಬೊಪ್ಪಣ್ಣನ ಒಂದು ಚೀಲ ಒತ್ತಿದರು. ತಿಳಿಯಾಗೇ ಇತ್ತು. ಎರಡನೆಯದು, ಹಾಗೇ. ಮೂರನೆಯದು, ಹಾಗೇ.

"ಅವಳ ಪಾತ್ರೆಗೆ ಏನೋ ಮದ್ದು ಹಾಕಿದಾಳೆ. ನನ್ನ ಪಾತ್ರೆ ಶುದ್ಧ," ಅಂದ ಬೊಪ್ಪಣ್ಣ.

"ಆಗಲಪ್ಪ. ನಿನ್ನ ಪಾತ್ರೆಗೆ ನೀನೇ ಊದು. ಕೊಳವೆ ತಗೋ," ಅಂದಳು ಸಂಕವ್ವ.

ಕೆನ್ನೆ ಉಬ್ಬಿಸಿ ಊದಿದ. ಮನುಷ್ಯ ಬಿಡುವ ಉಸಿರಿನಲ್ಲೂ ಗೂಡಿನ ಉಸಿರು ಒಂದಿಷ್ಟು ಇರುತ್ತದೆ; ನೀರು ಬೆಳ್ಳಗಾಗುತ್ತಾ ಬಂತು.

"ನೋಡಿ ಒಡೆಯಾ," ಅಂದಳು ಸಂಕವ್ವ. "ಇಷ್ಟು ದೊಡ್ಡ ಗೂಡಿನ ಚೀಲದಲ್ಲಿ ಇಲ್ಲದ್ದು ಈತನ ಬಾಯಲ್ಲಿದೆ."

ಆಸ್ಥಾನ ನಕ್ಕಿತು. ಕೊಡಗಳು ಬೊಪ್ಪಣ್ಣನ ಗೂಡಿನ ಕಡೆಗೆ ಹೊರಟವು.

ಆ ಉಸಿರಿನ ಹೆಸರು ಇಂಗಾಲದ ಡೈಆಕ್ಸೈಡ್. ಈಗಲೂ ಕೆಲವು ಕಡೆ ಅದನ್ನು ಹಿಡಿದಿಟ್ಟು ಕಾಂಕ್ರೀಟಿಗೆ ಕುಡಿಸುತ್ತಾರೆ, ಮಕ್ಕಳೇ. ಒಳ್ಳೆಯ ಕೆಲಸ. ನೀತಿ ಇಷ್ಟೇ: ತಾನು ಬಿಟ್ಟ ಹೊಗೆಗೆ ತಾನೇ ಜಾಗ ತೋರಿಸಬೇಕು; ತೋರಿಸಿದೆ ಅಂದವನ ಚೀಲವನ್ನು ಒಮ್ಮೆ ಒತ್ತಿ ನೋಡಬೇಕು.